ಗೊರಕೆಯೂ ಗೂರಲೂ

ಕೊಟ್ಟೂರಿನ ರಥೋತ್ಸವವನ್ನು ನೋಡಿದವರಿಗೆ ಅಲ್ಲಿನ ಹಗಲು ಚೆನ್ನಾಗಿ ಗೊತ್ತು. ಗುರುಬಸವೇಶ್ವರನ ತೇರು, ಅದರ ಕಡೆಗೆ ತೂರಿಬರುವ ಬಾಳೆಹಣ್ಣು, ಹತ್ತೂರುಗಳಿಂದ ಬರಿಗಾಲಲ್ಲಿ ನಡೆದುಬಂದ ಜನ, ಇವನ್ನೆಲ್ಲ ಕುರಿತು ಬರೆದವರೂ ಹಾಡಿದವರೂ ಉಂಟು. ಆದರೆ ಅಲ್ಲಿನ ರಾತ್ರಿಯ ವಿಷಯ ಯಾರೂ ಬರೆದಂತಿಲ್ಲ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಯಿಂದ ನಡೆದು ಸೋತ ಮೈಗಳು ಗುಡಿಯ ಅಂಗಳದಲ್ಲಿ, ಅಂಗಡಿಗಳ ಕಟ್ಟೆಯ ಮೇಲೆ, ಗುರುತಿಲ್ಲದವರ ಮನೆಯ ಜಗಲಿಯ ಮೇಲೆ ಸಾಲಾಗಿ ಒರಗುತ್ತವೆ. ನಡುರಾತ್ರಿ ದಾಟಿತೆಂದರೆ ಊರಿಗೆ ಊರೇ ಗೊರಕೆ ಹೊಡೆಯುತ್ತದೆ.

ನನಗಾಗ ಹತ್ತು ವರ್ಷ. ನಮ್ಮ ತಂದೆಯವರು ಒಂದು ದಲ್ಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ತೇರಿನ ರಾತ್ರಿ ಮನೆಯ ತುಂಬ ನೆಂಟರು. ಗಂಡಸರೆಲ್ಲ ಜಗಲಿಯ ಮೇಲೆ. ತಂದೆಯವರ ಗೊರಕೆಯ ಮುಂದೆ ಊರಿನ ಗೊರಕೆಯೆಲ್ಲ ಸಪ್ಪೆಯೆಂದು ಸೋದರಮಾವ ಹೇಳಿದ್ದೇ ತಡ, ಹುಡುಗರಾದ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಾಗಿಲ ಸಂದಿಯಿಂದ ನಮ್ಮವ್ವ ಮಾತ್ರ ನಗದೆ ನೋಡುತ್ತಿದ್ದಳು. “ಗೊರ್ಕಿ ಕೇಳಿ ನಗತೀರಿ. ನಡುವೆ ಸುಮ್ಕಾಗ್ತಾರಲ್ಲ, ಅದನ್ನ ಕೇಳ್ರಿ” ಎಂದಳು. ಕಿವಿಗೊಟ್ಟೆವು. ಗೊರಕೆ ಏರಿ ಏರಿ ಥಟ್ಟನೆ ನಿಂತಿತು. ಎಣಿಸಿದರೆ ಹತ್ತು, ಹದಿನೈದು, ಇಪ್ಪತ್ತು. ಆಮೇಲೆ ನೀರಿನಲ್ಲಿ ಮುಳುಗಿದವನು ಮೇಲೆ ಬಂದಂತೆ ಒಂದು ದೊಡ್ಡ ಉಸಿರು, ಮತ್ತೆ ಗೊರಕೆ. ನಾವು ಅದಕ್ಕೂ ನಕ್ಕೆವು.

ಆ ನಡುವಣ ಮೌನವೇ ಈ ಲೇಖನದ ವಸ್ತು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದ್ದರಿಂದ ನನ್ನ ದಾರಿ ಶಬ್ದದಿಂದಲೇ ಮೊದಲಾಗಬೇಕು.

ಕನ್ನಡದಲ್ಲಿ ‘ಗೊರಕೆ’ಯ ಪಕ್ಕದಲ್ಲೇ ‘ಗೂರಲು’ ಎಂಬ ಇನ್ನೊಂದು ಮಾತಿದೆ. ಗೂರಲೆಂದರೆ ಉಬ್ಬಸ, ನಮ್ಮ ಸೀಮೆಯಲ್ಲಿ ‘ದಮ್ಮು’ ಎನ್ನುವುದೇ ಹೆಚ್ಚು. ಎರಡು ಮಾತೂ ಗಂಟಲಿನ ಸದ್ದನ್ನು ಅನುಕರಿಸಿ ಹುಟ್ಟಿದಂತೆ ಕೇಳುತ್ತವೆ. ಚರಕಸಂಹಿತೆಯೂ ತಮಕಶ್ವಾಸವನ್ನು ವರ್ಣಿಸುವಾಗ ‘ಘುರ್ಘುರಕ’ ಎಂಬ ಇಂಥದೇ ಅನುಕರಣಶಬ್ದವನ್ನು ಬಳಸಿದೆ. ಒಂದೇ ಬಗೆಯ ಸದ್ದಿನಿಂದ ಹೆಸರು ಪಡೆದ ಈ ಎರಡು ತೊಂದರೆಗಳು ಒಂದೇ ಅಲ್ಲ. ಗೂರಲಿನಲ್ಲಿ ಎದೆಯ ಒಳಗಣ ಸಣ್ಣ ಶ್ವಾಸನಾಳಗಳು ಬಿಗಿಯುತ್ತವೆ. ರೋಗಿ ಎಚ್ಚರವಾಗಿದ್ದೇ ಒದ್ದಾಡುತ್ತಾನೆ. ಗೊರಕೆ ಬರುವುದು ಮೂಗು ಗಂಟಲುಗಳಿಂದ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ, ಅದರ ಮೆತ್ತನೆಯ ಗೋಡೆಗಳು ಅದುರಿ ಸದ್ದಾಗುತ್ತದೆ. ಆ ಗೋಡೆಗಳು ಪೂರ್ತಿಯಾಗಿ ಒಂದನ್ನೊಂದು ಮುಚ್ಚಿಬಿಟ್ಟರೆ ಸದ್ದೂ ಇಲ್ಲ, ಉಸಿರೂ ಇಲ್ಲ. ಮಲಗಿದವನಿಗೆ ಅದರ ಅರಿವೇ ಇರುವುದಿಲ್ಲ. ನಮ್ಮ ಔಷಧದ ಚರಿತ್ರೆಯಲ್ಲಿ ಗೂರಲಿಗೆ ಬಂದ ಭಾಗ್ಯವೇ ಬೇರೆ, ಗೊರಕೆಗೆ ಬಂದ ಭಾಗ್ಯವೇ ಬೇರೆ.

ಈ ಚರಿತ್ರೆಗೂ ನಮ್ಮ ಒಣಸೀಮೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇಂದು ಒಂದು ಸಾಧಾರಣ ಹಳ್ಳಿ. ಹಿಂದೆ ‘ಕೋಗಳಿ ಐನೂರು’ ಎಂಬ ನಾಡಿಗೆ ಹೆಸರು ಕೊಟ್ಟ ಊರು, ಜೈನರ ನೆಲೆ. ಅಲ್ಲಿನ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದನೆಂದು ಕ್ರಿ.ಶ. 1055ರ ಶಾಸನವೊಂದು ಹೇಳುತ್ತದೆ. ಆ ದುರ್ವಿನೀತನಿಗೆ ಪೂಜ್ಯಪಾದರು ಗುರುಗಳಾಗಿದ್ದರೆಂಬುದು ಜೈನ ಪರಂಪರೆಯ ಪ್ರತೀತಿ. ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಅದೇ ಪರಂಪರೆ ಪೂಜ್ಯಪಾದರ ಹೆಸರಿಗೆ ಸಲ್ಲಿಸುತ್ತದೆ. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಜಗದ್ದಳ ಸೋಮನಾಥನು ಅದನ್ನು ಕನ್ನಡಕ್ಕೆ ತಂದು ‘ಕರ್ನಾಟಕ ಕಲ್ಯಾಣಕಾರಕ’ವೆಂದು ಕರೆದನು. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುವುದು ಆ ಮಾರ್ಗದ ವಿಶೇಷ. ಅದಕ್ಕೂ ಮೊದಲು ಉಗ್ರಾದಿತ್ಯನು ಅದೇ ಹೆಸರಿನ ಸಂಸ್ಕೃತ ಗ್ರಂಥವನ್ನು ಬರೆದು, ಔಷಧಕ್ಕೆ ಮಾಂಸ ಬೇಕಿಲ್ಲವೆಂದು ನೃಪತುಂಗನ ಸಭೆಯಲ್ಲಿ ವಾದಿಸಿದ್ದನು. ಜೈನರಿಗೆ ಔಷಧದಾನವು ನಾಲ್ಕು ದಾನಗಳಲ್ಲಿ ಒಂದು. ಶೈವರೂ ಹಿಂದೆ ಬಿದ್ದವರಲ್ಲ. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನ ಆ ಮಠವನ್ನು ನಾನಾ ರೋಗಿಗಳಿಗೆ ಮದ್ದು ಕೊಡುವ ಸ್ಥಾನವೆಂದು ಹೊಗಳುತ್ತದೆ. ಬಸದಿ ಮಠಗಳ ಈ ವಿದ್ಯೆಯ ಕೊನೆಯ ಎಳೆಗಳೇ ನಾನು ಚಿಕ್ಕವನಿದ್ದಾಗ ನಮ್ಮೂರುಗಳಲ್ಲಿದ್ದ ಮದ್ದು ಕೊಡುವ ಅಯ್ಯನವರುಗಳು, ಗ್ರಂಧಿಗೆ ಅಂಗಡಿಯ ಶೆಟ್ಟರು.

ಅವರ ಬತ್ತಳಿಕೆಯಲ್ಲಿ ಗೂರಲಿಗೆ ಬಾಣಗಳು ಹಲವಿದ್ದವು. ಮೊದಲನೆಯದು ಆಡುಸೋಗೆ. ಬೇಲಿಯಲ್ಲಿ ತಾನೇ ಬೆಳೆಯುವ ಈ ಗಿಡ ಭೂಮಿಯ ಮೇಲಿರುವತನಕ ಕೆಮ್ಮಿನವನು ಎದೆಗುಂದಬೇಕಾಗಿಲ್ಲ ಎಂಬರ್ಥದ ಮಾತು ಆಯುರ್ವೇದದಲ್ಲಿ ಉಂಟು. ಅದು ಬರಿಯ ಹೊಗಳಿಕೆಯಲ್ಲ. 1888ರಲ್ಲಿ ಡೇವಿಡ್ ಹೂಪರ್ ಎಂಬ ರಸಾಯನಶಾಸ್ತ್ರಜ್ಞ ಆಡುಸೋಗೆಯ ಎಲೆಯಿಂದ ‘ವಾಸಿಸೀನ್’ ಎಂಬ ಸಾರವನ್ನು ಬೇರ್ಪಡಿಸಿದನು. ಅದರ ಜಾಡು ಹಿಡಿದು 1960ರ ದಶಕದಲ್ಲಿ ಜರ್ಮನರು ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ಬಳಕೆಗೆ ತಂದರು. ಇಂದು ಹರಪನಹಳ್ಳಿಯ ಔಷಧದಂಗಡಿಯಲ್ಲಿ ಕಫ ಕರಗಿಸಲೆಂದು ಕೊಡುವ ಎಷ್ಟೋ ಸಿರಪ್ಪುಗಳ ಮೂಲ ಆ ಅಂಗಡಿಯ ಹಿಂದಿನ ಬೇಲಿಯಲ್ಲೇ ಇರಬಹುದು!

ಎರಡನೆಯದು ಆಡುಮುಟ್ಟದ ಬಳ್ಳಿ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಸುಳ್ಳುಮಾಡುವ ಹೆಸರು. ಇದರ ಎಲೆಯನ್ನು 1960ರ ದಶಕದ ಕೊನೆಯಲ್ಲಿ ದೆಹಲಿಯ ವೈದ್ಯರು ದಮ್ಮಿನ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. ಅವರಿಗೆ ಗುಣ ಕಂಡಿತು. ಮುಂದಿನ ಎಲ್ಲ ಪರೀಕ್ಷೆಗಳಲ್ಲಿ ಅಷ್ಟು ಕಾಣಲಿಲ್ಲ.

ಮೂರನೆಯದು ಉಮ್ಮತ್ತಿ. ಶಿವನ ಮುಡಿಗೇರುವ ಹೂ, ತಿಂದವನನ್ನು ಹುಚ್ಚನನ್ನಾಗಿಸುವ ಬೀಜ. ಇದರ ಚರಿತ್ರೆ ಸ್ವಾರಸ್ಯವಾದದ್ದು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಒಪ್ಪಿಸಿದ ಮೇಲೆ ಹರಪನಹಳ್ಳಿಯ ಪಾಳೆಯಗಾರಿಕೆಯೂ ಸೇರಿ ಈ ನಾಡೆಲ್ಲ ಮದರಾಸಿನ ಆಳ್ವಿಕೆಗೆ ಬಂತು. ಅದೇ ಹೊತ್ತಿನಲ್ಲಿ ಮದರಾಸಿನಲ್ಲಿ ಕಂಪನಿಯ ಮುಖ್ಯವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಎಂಬಾತ, ಈ ದೇಶದವರು ಉಮ್ಮತ್ತಿಯನ್ನು ಒಣಗಿಸಿ ಅದರ ಹೊಗೆ ಸೇದಿ ಉಬ್ಬಸ ಇಳಿಸಿಕೊಳ್ಳುವುದನ್ನು ಗಮನಿಸಿದ್ದನು. 1802ರ ಸುಮಾರಿಗೆ ಜನರಲ್ ಜೆಂಟ್ ಎಂಬ ಸೇನಾನಿಯ ಮೂಲಕ ಈ ಉಪಾಯ ಬ್ರಿಟನ್ನಿಗೆ ಹೋಯಿತು. ಎಡಿನ್‌ಬರೋದ ವೈದ್ಯರು ತಮ್ಮಲ್ಲೇ ಸಿಗುವ ಇನ್ನೊಂದು ಜಾತಿಯ ಉಮ್ಮತ್ತಿಯನ್ನು ಬಳಸಿ ನೋಡಿದರು. ಮುಂದೆ ನೂರು ವರ್ಷಕ್ಕೂ ಮಿಕ್ಕು ಯೂರೋಪಿನ ಔಷಧದಂಗಡಿಗಳಲ್ಲಿ ‘ಆಸ್ತಮಾ ಸಿಗರೇಟು’ ಮಾರಾಟವಾಯಿತು. ಉಮ್ಮತ್ತಿಯಲ್ಲಿರುವ ಸಾರಕ್ಕೆ ಅಟ್ರೋಪಿನ್ ಎಂದು ಹೆಸರಾಯಿತು. ಆ ಕುಲಕ್ಕೆ ಸೇರಿದ ಮದ್ದುಗಳನ್ನು ಇಂದಿಗೂ ದಮ್ಮಿನವರು ಪಂಪಿನಲ್ಲಿ ಸೇದುತ್ತಾರೆ. ಆದರೆ ಯಾರೂ ಇದನ್ನೋದಿ ಹಿತ್ತಿಲಿನ ಉಮ್ಮತ್ತಿಗೆ ಕೈಯಿಕ್ಕಬಾರದು. ಮದ್ದಿಗೂ ವಿಷಕ್ಕೂ ಅದರಲ್ಲಿ ಅಂತರ ತೀರ ಸಣ್ಣದು.

ಹಿಮಾಲಯದಾಚೆಯ ಚೀನದಲ್ಲಿಯೂ ಕತೆ ಹೀಗೆಯೇ ನಡೆದಿದೆ. ಅವರ ಆಡುಸೋಗೆ ಎಂದರೆ ‘ಮಾ ಹ್ವಾಂಗ್’ ಎಂಬ ಎಲೆಯಿಲ್ಲದಂತೆ ಕಾಣುವ ಪೊದೆ. ಚೀನೀಯರ ಅತಿ ಹಳೆಯ ಮೂಲಿಕೆಯ ಗ್ರಂಥದಲ್ಲಿಯೇ ಅದರ ಹೆಸರಿದೆ. ಕ್ರಿ.ಶ. 200ರ ಸುಮಾರಿನ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯನು ಅದನ್ನು ದಾಲ್ಚಿನ್ನಿಯ ಕಡ್ಡಿ, ಏಪ್ರಿಕಾಟಿನ ಬೀಜ, ಅತಿಮಧುರಗಳೊಡನೆ ಕುದಿಸಿ ಕಷಾಯ ಮಾಡಲು ಹೇಳಿದ್ದಾನೆ. 1885ರಲ್ಲಿ ಜಪಾನಿನ ನಾಗಾಯ್ ನಾಗಾಯೋಶಿ ಅದರಿಂದ ಎಫೆಡ್ರಿನ್ ತೆಗೆದನು. 1924ರಲ್ಲಿ ಪೀಕಿಂಗಿನಲ್ಲಿ ಚೆನ್ ಮತ್ತು ಶ್ಮಿಟ್ ಎಂಬಿಬ್ಬರು ಅದರ ಗುಣಗಳನ್ನು ಲೋಕಕ್ಕೆ ತಿಳಿಸಿದ ಮೇಲೆ ಅದು ದಮ್ಮಿನ ಮದ್ದಾಗಿ ಎಲ್ಲೆಡೆ ಹಬ್ಬಿತು. ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುವ ದೋಷ ಅದಕ್ಕಿದೆ. ಮೈ ಇಳಿಸಲೆಂದು ಅದನ್ನು ನುಂಗಿ ಕೆಲವರು ಪ್ರಾಣಕ್ಕೆ ಎರವಾದ ಮೇಲೆ 2004ರಲ್ಲಿ ಅಮೆರಿಕದ ಸರಕಾರ ಆ ಬಗೆಯ ಮಾರಾಟವನ್ನು ನಿಷೇಧಿಸಿತು. ಇಷ್ಟಕ್ಕೂ ಅದು ನಿದ್ದೆ ಕೊಡುವ ಮದ್ದಲ್ಲ, ನಿದ್ದೆ ಕೆಡಿಸುವ ಮದ್ದು.

ಹೀಗೆ ಗೂರಲಿಗೆ ನಮ್ಮವರೂ ಚೀನೀಯರೂ ಕೊಟ್ಟ ಮೂಲಿಕೆಗಳು ಜಗತ್ತಿನ ಔಷಧಶಾಲೆಗೆ ಸಂದುವು. ಹಾಗಾದರೆ ಗೊರಕೆಯ ಗತಿ? ಅದನ್ನು ಹಳಬರು ಗಮನಿಸಲೇ ಇಲ್ಲವೆ?

ಗಮನಿಸಿದ್ದರು. ಚೀನದ ಸೂಯ್ ವಂಶದ ಆಸ್ಥಾನವೈದ್ಯ ಚಾವ್ ಯುವಾನ್‌ಫಾಂಗ್ ಎಂಬಾತ ಕ್ರಿ.ಶ. 610ರಲ್ಲಿ ರೋಗಗಳ ಕಾರಣ ಲಕ್ಷಣಗಳನ್ನು ಕುರಿತು ಐವತ್ತು ಸಂಪುಟಗಳ ಗ್ರಂಥ ರಚಿಸಿದನು. ಅದರಲ್ಲಿ ಗೊರಕೆಗೆಂದೇ ಒಂದು ಪ್ರಕರಣವಿದೆ. ಉಸಿರು ಮೇಲೆ ಕೆಳಗೆ ಓಡಾಡುವ ದಾರಿ ಗಂಟಲು, ಅದು ಸರಾಗವಾಗಿಲ್ಲದಿದ್ದರೆ ಉಸಿರು ಅಲ್ಲಿ ಬಡಿದು ಸದ್ದಾಗುತ್ತದೆ, ಸ್ಥೂಲದೇಹಿಗಳಲ್ಲಿ ಗಂಟಲಿನ ದಾರಿಯೇ ಇಕ್ಕಟ್ಟಾಗಿ ಸದ್ದು ಬರುತ್ತದೆ ಎಂಬುದು ಅಲ್ಲಿನ ತಾತ್ಪರ್ಯ. ಇಂದಿನ ವೈದ್ಯರು ಇದಕ್ಕಿಂತ ಬೇರೆಯಾಗಿ ಹೇಳಲಾರರು.

ನಮ್ಮಲ್ಲಿ ಸುಶ್ರುತನು ಕೊಬ್ಬು ಮಿತಿಮೀರಿದವರ ಲಕ್ಷಣಗಳನ್ನು ಪಟ್ಟಿ ಮಾಡುವಾಗ ಏದುಸಿರು, ಬಾಯಾರಿಕೆ, ಅತಿನಿದ್ದೆ, ಬೆವರುಗಳ ಜೊತೆಗೆ ‘ಕ್ರಥನ’ ಎಂಬ ಒಂದು ಮಾತನ್ನು ಸೇರಿಸಿದ್ದಾನೆ. ಮಾಧವನಿದಾನವೂ ಅದನ್ನು ಎತ್ತಿಕೊಂಡಿದೆ. ಇದ್ದಕ್ಕಿದ್ದಂತೆ ಉಸಿರು ತಡೆದು ನಿಲ್ಲುವುದು ಎಂದು ಟೀಕಾಕಾರರು ಅದಕ್ಕೆ ಅರ್ಥ ಹೇಳುತ್ತಾರೆ. ಮೊದಲ ಬಾರಿ ಇದನ್ನು ಓದಿದ ದಿನ ನನ್ನ ಕೈಯಿಂದ ಪುಸ್ತಕ ಜಾರಿತು. ನಮ್ಮವ್ವ ಬಾಗಿಲ ಸಂದಿಯಲ್ಲಿ ನಿಂತು ಹೇಳಿದ್ದು ಇದನ್ನೇ ಅಲ್ಲವೆ? ಆಕೆಗೆ ಗೊತ್ತಿದ್ದದ್ದಕ್ಕೆ ಸಾವಿರ ವರ್ಷಗಳ ಹಿಂದೆಯೇ ಹೆಸರಿತ್ತು. ನಮ್ಮ ಮನೆಗೆ ಮಾತ್ರ ಆ ಹೆಸರು ಮುಟ್ಟಿರಲಿಲ್ಲ.

ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಚಾವ್‌ನ ಗ್ರಂಥವಾಗಲಿ ಮಾಧವನ ಗ್ರಂಥವಾಗಲಿ ಮದ್ದು ಬರೆದುಕೊಡುವ ಪುಸ್ತಕಗಳಲ್ಲ; ಎರಡೂ ರೋಗವನ್ನು ಗುರುತಿಸಲು ಕಲಿಸುವ ಪುಸ್ತಕಗಳು. ಗೂರಲಿಗೆ ಇದ್ದಂತೆ ಕ್ರಥನಕ್ಕೆಂದೇ ಹೆಸರುವಾಸಿಯಾದ ಒಂದು ಬೇರು, ಒಂದು ಎಲೆ ನಮ್ಮಲ್ಲಿ ಇಲ್ಲ. ಸುಶ್ರುತನು ಹೇಳುವ ಉಪಾಯ ಗಂಟಲಿಗೆ ಸಂಬಂಧಿಸಿದ್ದಲ್ಲ, ಊಟಕ್ಕೆ ಸಂಬಂಧಿಸಿದ್ದು. ಮೈಯ ಕೊಬ್ಬನ್ನು ಇಳಿಸಬೇಕು, ಅದಕ್ಕೆ ಗುಗ್ಗುಳ, ತ್ರಿಫಲೆಗಳು, ಉಣ್ಣಲು ಜವೆ, ಹೆಸರು, ಹಾರಕ, ಸಾಮೆಯಂಥ ಒಣಧಾನ್ಯಗಳು, ಜೊತೆಗೆ ವ್ಯಾಯಾಮ. ಇದರಲ್ಲಿ ಅರ್ಧ ಕೂಡ್ಲಿಗಿಯ ಹಳೆಯ ಹೊಲದ ಬೆಳೆ! ಸಾಮೆ ನವಣೆ ಬೆಳೆಯುತ್ತಿದ್ದ ಮಳೆಯಾಶ್ರಿತ ಹೊಲಗಳನ್ನು ಈಗ ಬಹುಮಟ್ಟಿಗೆ ಮೆಕ್ಕೆಜೋಳ ಆಕ್ರಮಿಸಿದೆ; ಊಟದ ತಟ್ಟೆಯಲ್ಲಿ ಬಿಳಿಯ ಅನ್ನ ತುಂಬಿದೆ. ಮೂಗಿಗೆ ತುಪ್ಪವನ್ನೋ ಎಣ್ಣೆಯನ್ನೋ ಬಿಡುವ ನಸ್ಯಕರ್ಮವೂ ಉಂಟು. ಕಟ್ಟಿದ ಮೂಗು ಅದರಿಂದ ಬಿಟ್ಟರೆ ಸದ್ದು ತಗ್ಗೀತು. ಗಂಟಲಿನ ಗೋಡೆ ಮುಚ್ಚಿಕೊಳ್ಳುವುದನ್ನು ತಡೆಯುವ ಶಕ್ತಿ ಆ ಹನಿಗಳಿಗಿಲ್ಲ.

ಶಾಸ್ತ್ರಕಾರರು ಗುರುತಿಸಿದ್ದನ್ನು ಕವಿಗಳೂ ಕತೆಗಾರರೂ ನಗೆಯಾಗಿ ಮಾರ್ಪಡಿಸಿದರು. ಕುಂಭಕರ್ಣನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ಗಾಳಿಗೆ ಸಿಕ್ಕಿ ಒದ್ದಾಡಿದ್ದನ್ನು ಕೇಳಿ ನಗದ ಮಗುವುಂಟೆ? ಆಂಗ್ಲರ ಡಿಕನ್ಸನೂ 1836–37ರಲ್ಲಿ ಬಂದ ತನ್ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ಕೊಬ್ಬಿದ ಹುಡುಗನನ್ನು ಸೃಷ್ಟಿಸಿದನು. ಅವನು ನಿಂತಲ್ಲಿ ಕೂತಲ್ಲಿ ನಿದ್ದೆ ಹೋಗುತ್ತಾನೆ, ಗೊರಕೆ ಹೊಡೆಯುತ್ತಾನೆ. ಓದುಗರು ನೂರಿಪ್ಪತ್ತು ವರ್ಷ ನಕ್ಕ ಮೇಲೆ 1956ರಲ್ಲಿ ಅಮೆರಿಕದ ವೈದ್ಯರು ಅಂಥದೇ ಒಬ್ಬ ರೋಗಿಯನ್ನು ಕಂಡು, ಆ ರೋಗಕ್ಕೆ ಪಿಕ್‌ವಿಕ್ ಹೆಸರನ್ನೇ ಇಟ್ಟರು. 1965ರಲ್ಲಿ ಫ್ರಾನ್ಸ್ ಜರ್ಮನಿಗಳ ವೈದ್ಯರು ಮಲಗಿದವರ ಉಸಿರನ್ನು ಯಂತ್ರಗಳಲ್ಲಿ ದಾಖಲಿಸಿ, ನಿದ್ದೆಯಲ್ಲಿ ಅದು ಮತ್ತೆ ಮತ್ತೆ ನಿಲ್ಲುವುದನ್ನು ಗೆರೆಗಳಲ್ಲಿ ತೋರಿಸಿದರು. ಹತ್ತು ಸೆಕೆಂಡಿಗೆ ಕಡಮೆಯಿಲ್ಲದಂತೆ ಉಸಿರು ನಿಂತರೆ ಅದೊಂದು ತಡೆ. ಗಂಟೆಗೆ ಐದೋ ಹೆಚ್ಚೋ ತಡೆಗಳಾದರೆ ಅದು ರೋಗ ಎಂಬುದು ಈಗಿನ ಲೆಕ್ಕ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಒಂದು ಸರಳವಾದ ಉಪಾಯ ಕಂಡುಹಿಡಿದನು. ಮೂಗಿಗೆ ಮುಸುಕು ಕಟ್ಟಿ, ಕೊಳವೆಯಿಂದ ಮೆಲ್ಲನೆ ಗಾಳಿಯ ಒತ್ತಡ ಕೊಟ್ಟರೆ ಗಂಟಲಿನ ಗೋಡೆಗಳು ಮುಚ್ಚಿಕೊಳ್ಳುವುದಿಲ್ಲ. ಅದರಲ್ಲಿ ಮದ್ದೇನೂ ಇಲ್ಲ, ಬರಿಯ ಗಾಳಿ.

ಇನ್ನು ನಮ್ಮ ಮನೆಯ ಕತೆಯನ್ನು ಮುಗಿಸಬೇಕು. ಅವ್ವನ ಕಾಟ ತಡೆಯಲಾರದೆ ತಂದೆಯವರು ಒಮ್ಮೆ ಕೂಡ್ಲಿಗಿಯ ದಾರಿಯಲ್ಲಿದ್ದ ಒಬ್ಬ ವಯಸ್ಸಾದ ಅಯ್ಯನವರ ಬಳಿ ಹೋದರು, ನಾನೂ ಜೊತೆಗಿದ್ದೆ. ಅವರು ನಾಡಿ ಹಿಡಿದರು, ಗಂಟಲು ನೋಡಿದರು, ಆಡುಸೋಗೆ, ಶುಂಠಿ, ಹಿಪ್ಪಲಿಗಳ ಕಷಾಯ ಹೇಳಿದರು. ಹೊರಡುವಾಗ, “ಇದು ಕೆಮ್ಮಿಗೆ ಆತು ನೋಡ್ರಿ. ರಾತ್ರಿ ಕಟ್ಟೋ ಉಸ್ರಿಗೆ ನನ್ನ ಹತ್ರ ಬೇರಿಲ್ಲ. ಮೈ ಇಳಿಸ್ರಿ, ಮಗ್ಗುಲಾಗಿ ಮಲಗ್ರಿ, ದೊಡ್ಡ ದವಾಖಾನಿಗೆ ಒಮ್ಮೆ ತೋರಿಸ್ರಿ” ಎಂದರು. ಅಂಗಾತ ಮಲಗಿದಾಗ ನಾಲಗೆ ಹಿಂದಕ್ಕೆ ಜಾರಿ ಗಂಟಲು ಹೆಚ್ಚು ಮುಚ್ಚುತ್ತದೆಂದು ಇಂದು ಡಾಕ್ಟರುಗಳೂ ಹೇಳುತ್ತಾರೆ. ತನ್ನ ಮದ್ದಿನ ಎಲ್ಲೆಯನ್ನು ತಾನೇ ಹೇಳಿದ ಆ ಮುದುಕರ ಮುಂದೆ ನಾನು ಈಗಲೂ ತಲೆಬಾಗುತ್ತೇನೆ.

ತಂದೆಯವರು ಕಷಾಯ ಕುಡಿದರು, ಕೆಮ್ಮು ಹೋಯಿತು. ಉಳಿದ ಮೂರು ಮಾತುಗಳನ್ನು ಅಲ್ಲಿಯೇ ಬಿಟ್ಟುಬಂದಿದ್ದರು. ಗೊರಕೆಗೆ ದವಾಖಾನೆಗೆ ಹೋದರೆ ಅಂಗಡಿಯ ಜನ ನಕ್ಕಾರೆಂಬ ನಾಚಿಕೆ ಅವರಿಗೆ. ಹಗಲು ಲೆಕ್ಕದ ಪುಸ್ತಕದ ಮೇಲೆ ತೂಕಡಿಸಿ ಅಂಕಿ ತಪ್ಪಿದರೆ ಧಣಿಗಳು ಅದನ್ನು ಸೋಮಾರಿತನವೆಂದರು. ಮನೆಯಲ್ಲಿ ನಾವೂ ಹಾಗೆಯೇ ಅಂದುಕೊಂಡೆವು. 1998ರ ಒಂದು ಬೆಳಗಿನ ಜಾವ ಅವರು ನಿದ್ದೆಯಲ್ಲೇ ತೀರಿಕೊಂಡರು. “ಎಂಥಾ ಪುಣ್ಯದ ಸಾವು” ಎಂದು ಬಂದವರೆಲ್ಲ ಹೇಳಿದರು. ಸಾವಿಗೆ ಕಾರಣ ಇದೇ ಎಂದು ಹೇಳಲು ನಾನು ಯಾರು? ಆದರೆ ಈ ರೋಗ ರಕ್ತದೊತ್ತಡಕ್ಕೂ ಹೃದಯದ ಕಾಯಿಲೆಗೂ ಜೊತೆಗಾರನೆಂದು ಓದಿದಾಗಲೆಲ್ಲ ಕೊಟ್ಟೂರಿನ ಆ ರಾತ್ರಿಯ ನಮ್ಮ ನಗು ನನಗೆ ಕೇಳಿಸುತ್ತದೆ.

ನಾಲ್ಕು ವರ್ಷಗಳ ಹಿಂದೆ ನನ್ನ ಹೆಂಡತಿ ಒಂದು ಬೆಳಗ್ಗೆ, “ನೀವು ನಡುನಡುವೆ ಸುಮ್ಮನಾಗ್ತೀರಿ” ಎಂದಳು. ಬೇರೆ ಮಾತು ಬೇಕಾಗಲಿಲ್ಲ. ಪರೀಕ್ಷೆ ಮಾಡಿಸಿದೆ. ಒಂದು ರಾತ್ರಿ ಮೈತುಂಬ ತಂತಿ ಹಚ್ಚಿಸಿಕೊಂಡು ಮಲಗಿದೆ. ಗಂಟೆಗೆ ಮೂವತ್ತಕ್ಕೂ ಮೀರಿ ತಡೆಗಳೆಂದು ಗೊತ್ತಾಯಿತು. ಈಗ ಮುಸುಕು ಕಟ್ಟಿಕೊಂಡೇ ಮಲಗುತ್ತೇನೆ. ಮಕ್ಕಳು ಅದನ್ನು ಆನೆಯ ಸೊಂಡಿಲೆಂದು ಕರೆದು ನಗುತ್ತಾರೆ. ಆ ನಗುವಿಗೆ ನನ್ನ ಆಕ್ಷೇಪಣೆಯಿಲ್ಲ. ರಾತ್ರಿಯೂಟಕ್ಕೆ ಅನ್ನದ ಬದಲು ಜೋಳದ ರೊಟ್ಟಿ, ಸಾಮೆ. ಸಂಜೆ ಎರಡು ಮೈಲಿ ನಡಿಗೆ. ಕೆಮ್ಮು ಬಂದರೆ ಆಡುಸೋಗೆಯ ಕಷಾಯವನ್ನೂ ಬಿಟ್ಟಿಲ್ಲ.

ಗೊರಕೆಗೆ ಮೂಲಿಕೆಯ ಮದ್ದು, ಚೀನದ ಗುಳಿಗೆ, ಏಳು ದಿನದಲ್ಲಿ ಗುಣ ಎಂಬ ಜಾಹೀರಾತುಗಳು ಈಗ ದಿನವೂ ಕಣ್ಣಿಗೆ ಬೀಳುತ್ತವೆ. ಮೂಲಿಕೆಗಳನ್ನು ಹಳಿಯಲು ನಾನು ಇದನ್ನು ಬರೆಯಲಿಲ್ಲ. ಅವು ಗೂರಲಿಗೆ ಮಾಡಿದ ಉಪಕಾರವನ್ನು ಮೇಲೆಯೇ ಹೇಳಿದ್ದೇನೆ. ಆದರೆ ಗೂರಲಿನ ಮದ್ದನ್ನು ಗೊರಕೆಗೆ ಮಾರುವವನು ನಮ್ಮ ಹಳೆಯ ವೈದ್ಯರ ಹೆಸರು ಹೇಳಬಾರದು. ಅವರು ಎರಡನ್ನೂ ಬೇರೆಯೆಂದು ಬಲ್ಲವರಾಗಿದ್ದರು. ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ. ದಪ್ಪಗಿರುವವರಿಗೆ ಮಾತ್ರ ಈ ರೋಗವೆಂದೂ ಅಲ್ಲ. ಮಲಗಿದವನಿಗೆ ತನ್ನ ಉಸಿರು ನಿಂತದ್ದು ತಿಳಿಯುವುದಿಲ್ಲವಾದ್ದರಿಂದ, ಇದರ ಮೊದಲ ವೈದ್ಯರು ಪಕ್ಕದಲ್ಲಿ ಎಚ್ಚರವಾಗಿರುವವರೇ.

ಈಗ ಎಂಬತ್ತರ ಸಮೀಪದಲ್ಲಿರುವ ನಮ್ಮವ್ವ ನನ್ನ ಪಕ್ಕದ ಕೋಣೆಯಲ್ಲಿ ಮಲಗುತ್ತಾಳೆ. ಯಂತ್ರದ ಸದ್ದಿನಿಂದ ನಿದ್ದೆಗೆ ತೊಂದರೆಯಾಗುವುದಿಲ್ಲವೆ ಎಂದು ಮೊನ್ನೆ ಕೇಳಿದೆ. “ಸುಂಯ್ ಅಂತ ಒಂದೇ ಸಮ ಬರತೈತಿ. ನಡುವೆ ನಿಲ್ಲಂಗಿಲ್ಲ. ಅದು ಕೇಳ್ಕೋತಾನೇ ನಿದ್ದಿ ಹತ್ತತೈತಪ್ಪಾ” ಎಂದಳು.